ಗರಾಜು ಬಾಗಿಲನ್ನು ಕುರಿತು ನಾಲ್ಕು ಮಾತು

ಕಳೆದ ತಿಂಗಳು ಡಲ್ಲಾಸಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಸಾರ್, ಈ ಶನಿವಾರ ನನಗೆ ದೊಡ್ಡ ಕೆಲಸವಿದೆ. ಗರಾಜು ಬಾಗಿಲಿನ ಸ್ಪ್ರಿಂಗ್ ತುಂಡಾಗಿದೆ. ಯೂಟ್ಯೂಬ್ ನೋಡಿಕೊಂಡು ನಾನೇ ಬದಲಾಯಿಸುವವನಿದ್ದೇನೆ" ಎಂದ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ತಕ್ಷಣವೇ "ಬೇಡಪ್ಪ, ಅದೊಂದನ್ನು ಮಾತ್ರ ಮುಟ್ಟಬೇಡ" ಎಂದೆ. ಅವನು ನಕ್ಕ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರಿಗೆ ಗರಾಜು ಬಾಗಿಲಿನ ಗೊಡವೆ ಏಕೆ ಎಂದು ಅವನಿಗೆ ಅನ್ನಿಸಿರಬೇಕು. ಏಕೆ ಬೇಡ ಎಂಬುದನ್ನು ಫೋನಿನಲ್ಲಿ ಪೂರ್ತಿಯಾಗಿ ಹೇಳಲಾಗಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳ ಮಕ್ಕಳಲ್ಲಿ ಅನೇಕರು ಇಂದು ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾರೆ. ಅವರೆಲ್ಲರಿಗೂ ಇರಲಿ ಎಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಹಿರಿಯ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಗ್ಯಾರೇಜು ಎಂದರೆ ಕೆಟ್ಟ ವಾಹನಗಳನ್ನು ರಿಪೇರಿ ಮಾಡುವ ಜಾಗ. ಅಮೆರಿಕದ ಗರಾಜು ಹಾಗಲ್ಲ, ಅದು ಮನೆಯದೇ ಒಂದು ಭಾಗ. ಕಾರು ನಿಲ್ಲಿಸುವುದಕ್ಕೆಂದು ಕಟ್ಟಿಸಿ, ಆಮೇಲೆ ಹಳೆಯ ಪೆಟ್ಟಿಗೆ, ಸೈಕಲ್ಲು, ಅಕ್ಕಿಮೂಟೆಗಳನ್ನು ತುಂಬಿ ಕಾರನ್ನು ಹೊರಗೆ ನಿಲ್ಲಿಸುವ ಸ್ಥಳ. (ನನ್ನ ಮಗಳು ಇದನ್ನು ಒಪ್ಪುವುದಿಲ್ಲ.) ಎರಡು ಕಾರು ಹಿಡಿಸುವ ಗರಾಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರವಿರುತ್ತದೆ. ಮನೆಯಲ್ಲಿ ಚಲಿಸುವ ವಸ್ತುಗಳಲ್ಲೆಲ್ಲ ಅದೇ ಅತ್ಯಂತ ದೊಡ್ಡದು, ಅತ್ಯಂತ ಭಾರವಾದದ್ದು. ಆದರೂ ಗೋಡೆಯ ಗುಂಡಿಯೊಂದನ್ನು ಒತ್ತಿದರೆ ಸಾಕು, ವಿನಯವಂತ ಸೇವಕನಂತೆ ಮೇಲೇರಿ ಚಾವಣಿಯ ಕೆಳಗೆ ಮಲಗಿಬಿಡುತ್ತದೆ. ಆ ವಿನಯವೇ ನಮ್ಮನ್ನು ಮೋಸಗೊಳಿಸುವುದು.

ನಾನೂ ನನ್ನ ಹೆಂಡತಿಯೂ 2023ರ ಬೇಸಗೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದೆವು. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಮಾಡಲು ಬೇರೇನೂ ಇಲ್ಲದೆ ಆ ಬಾಗಿಲಿನ ಯಂತ್ರವನ್ನು ಚೆನ್ನಾಗಿ ನೋಡಿದೆ. ನೋಡುತ್ತಾ ಹೋದಂತೆ ಒಂಬತ್ತನೆಯ ತರಗತಿಯ ಪಾಠವನ್ನೇ ಯಾರೋ ಗೋಡೆಗೆ ಜೋಡಿಸಿಟ್ಟಂತೆ ಕಂಡಿತು.

ಚಾವಣಿಗೆ ತೂಗುಹಾಕಿದ ಮೋಟಾರು ಬಾಗಿಲನ್ನು ಎತ್ತುತ್ತದೆಂದು ಎಲ್ಲರೂ ತಿಳಿದಿರುತ್ತಾರೆ. ಅದು ತಪ್ಪು. ಆ ಮೋಟಾರಿನ ಶಕ್ತಿ ಅನೇಕ ಮನೆಗಳಲ್ಲಿ ಅರ್ಧ ಅಶ್ವಶಕ್ತಿ ಮಾತ್ರ, ಬಾಗಿಲಿನ ಭಾರವನ್ನು ಹೊರುವುದು ಅದರ ಕೆಲಸವೇ ಅಲ್ಲ. ಭಾರವನ್ನು ಹೊರುವುದು ಬಾಗಿಲಿನ ಮೇಲ್ಗಡೆ ಅಡ್ಡದಂಡಕ್ಕೆ ತೊಡಿಸಿರುವ ಸುರುಳಿ ಸ್ಪ್ರಿಂಗುಗಳು. ದಂಡದ ಎರಡು ತುದಿಗಳಲ್ಲಿ ರಾಟೆಗಳಿವೆ. ಅವುಗಳಿಗೆ ಸುತ್ತಿದ ಉಕ್ಕಿನ ಹಗ್ಗಗಳು ಕೆಳಗಿಳಿದು ಬಾಗಿಲಿನ ತಳದ ಮೂಲೆಗಳನ್ನು ಹಿಡಿದುಕೊಂಡಿರುತ್ತವೆ. ಬಾಗಿಲು ಕೆಳಗಿಳಿದಾಗ ಸ್ಪ್ರಿಂಗು ತಿರುಚಿಕೊಳ್ಳುತ್ತದೆ, ಮೇಲೇರುವಾಗ ಬಿಚ್ಚಿಕೊಳ್ಳುತ್ತಾ ಬಾಗಿಲನ್ನು ಎತ್ತುತ್ತದೆ. ನಮ್ಮ ಕಡೆ ಹಿಂದೆ ಏತದಲ್ಲಿ ನೀರೆತ್ತುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಏತದ ಕೋಲಿನ ಹಿಂಬದಿಗೆ ಕಟ್ಟಿದ ಕಲ್ಲು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಸ್ಪ್ರಿಂಗು ಮಾಡುತ್ತದೆ.

ಆದರೆ ಏತದ ಕಲ್ಲಿಗಿಂತ ಇದು ಒಂದು ಹೆಜ್ಜೆ ಜಾಣತನದ್ದು. ಬಾಗಿಲು ಮೇಲೇರಿದಂತೆಲ್ಲ ಅದರ ಹಲಗೆಗಳು ಒಂದೊಂದಾಗಿ ಅಡ್ಡಹಳಿಯ ಮೇಲೆ ಮಲಗುತ್ತವೆ, ಹಗ್ಗದ ಮೇಲಿನ ಭಾರ ಕಡಿಮೆಯಾಗುತ್ತಾ ಹೋಗುತ್ತದೆ. ಅತ್ತ ಸ್ಪ್ರಿಂಗಿನ ತಿರುಚು ಬಿಚ್ಚಿದಂತೆಲ್ಲ ಅದರ ಬಲವೂ ಕಡಿಮೆಯಾಗುತ್ತಾ ಹೋಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ! ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದು ಹೀಗೆ ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ಮೇಲಕ್ಕೂ ಸಂಜೆ ಆರಕ್ಕೆ ಕೆಳಕ್ಕೂ ಹೋಗುವುದನ್ನು ನೋಡಿ ನನಗಾದ ಸಂತೋಷವನ್ನು ನನ್ನ ಹೆಂಡತಿಗೆ ವಿವರಿಸಲು ಹೋಗಿ ಬೈಸಿಕೊಂಡೆ. ಅದಿರಲಿ.

ಈಗ ಲೆಕ್ಕಕ್ಕೆ ಬನ್ನಿ. ಬಾಗಿಲಿನ ತೂಕ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮುಚ್ಚಿದ ಬಾಗಿಲಿನ ಗುರುತ್ವಕೇಂದ್ರ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ತೆರೆದಾಗ ಇಡೀ ಬಾಗಿಲು ಸುಮಾರು ಏಳು ಅಡಿ ಎತ್ತರದಲ್ಲಿ ಮಲಗಿರುತ್ತದೆ. ಅಂದರೆ ಅದು ಸುಮಾರು 1.07 ಮೀಟರ್ ಮೇಲೇರಬೇಕು. 80ನ್ನು 9.8ರಿಂದಲೂ 1.07ರಿಂದಲೂ ಗುಣಿಸಿ, ಸುಮಾರು 840 ಜೂಲ್ ಬರುತ್ತದೆ. 80 ಕಿಲೋ ತೂಕದ ಆಳೊಬ್ಬ ಒಂದು ಮೀಟರಿಗೂ ಮಿಕ್ಕಿದ ಎತ್ತರದಿಂದ ನಿಮ್ಮ ಮೇಲೆ ಬಿದ್ದರೆ ಎಷ್ಟೋ ಅಷ್ಟು ಶಕ್ತಿ. ಬಾಗಿಲು ಮುಚ್ಚಿರುವಾಗಲೆಲ್ಲ ಅಷ್ಟು ಶಕ್ತಿ, ಇನ್ನೂ ಸ್ವಲ್ಪ ಹೆಚ್ಚೇ, ಆ ಸುರುಳಿಗಳಲ್ಲಿ ಉಸಿರು ಬಿಗಿಹಿಡಿದು ಕುಳಿತಿರುತ್ತದೆ. ಏಳು ಅಡಿಯ ಬಾಗಿಲಿಗೆ ಸ್ಪ್ರಿಂಗನ್ನು ಸಾಮಾನ್ಯವಾಗಿ ಏಳೂವರೆ ಸುತ್ತು ಬಿಗಿಸಬೇಕಾಗುತ್ತದೆ. ಬಿಗಿಸುವುದಕ್ಕೆ ಅಳತೆಗೆ ಸರಿಯಾದ ಎರಡು ಉಕ್ಕಿನ ಸರಳುಗಳು ಬೇಕು, ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ತೂರಿಸಿ ಕಾಲು ಕಾಲು ಸುತ್ತಾಗಿ ತಿರುಗಿಸಬೇಕು. ಸರಳಿಲ್ಲವೆಂದು ಸ್ಕ್ರೂಡ್ರೈವರನ್ನು ತೂರಿಸುವ ಧೀರರಿದ್ದಾರೆ. ಅದು ಒಮ್ಮೆ ಜಾರಿದರೆ ಮುರಿಯುವುದು ಬೆರಳೋ, ಮಣಿಕಟ್ಟೋ, ದವಡೆಯೋ ಹೇಳಲಾಗದು. ಹಗ್ಗ ಕಚ್ಚಿಕೊಂಡಿರುವ ತಳದ ಮೂಲೆಯ ಕಬ್ಬಿಣದ ಪಟ್ಟಿಯೂ ಅದೇ ಸೆಳೆತದಲ್ಲಿರುತ್ತದೆ. ಅದರ ತಿರುಪುಗಳನ್ನೂ ಸಡಿಲಿಸಬಾರದು.

ಇದಿಷ್ಟು ಹೇಳಿದರೆ "ಹಾಗಾದರೆ ಎಲ್ಲವನ್ನೂ ಮೆಕ್ಯಾನಿಕ್ಕನಿಗೇ ಬಿಡಬೇಕೆ?" ಎಂದು ಕೇಳುತ್ತೀರಿ. ಖಂಡಿತ ಇಲ್ಲ. ನನ್ನ ದೂರು ಬೇರೆಯೇ ಇದೆ. ನಮ್ಮ ಮಕ್ಕಳು ಈ ಬಾಗಿಲಿನ ವಿಷಯದಲ್ಲಿ ಮುಟ್ಟಬಾರದ್ದನ್ನು ಮುಟ್ಟುವ ಧೈರ್ಯ ತೋರಿಸುತ್ತಾರೆ, ತಿಂಗಳಿಗೊಮ್ಮೆ ತಾವೇ ಮುಟ್ಟಿ ನೋಡಲೇಬೇಕಾದ್ದರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಇದನ್ನು ಹೇಳಲು ನನಗೆ ಅಧಿಕಾರ ಬಂದದ್ದು ಹೇಗೆಂಬುದನ್ನು ಈಗ ಬರೆಯುತ್ತೇನೆ. ಅಳಿಯನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮಗಳ ಮನೆಯ ಗರಾಜು ನೈಋತ್ಯಕ್ಕೆ ಮುಖಮಾಡಿದೆ. ಬಾಗಿಲಿನ ಚೌಕಟ್ಟಿನ ಎರಡು ಪಕ್ಕಗಳಲ್ಲಿ, ನೆಲದಿಂದ ಆರು ಅಂಗುಲಕ್ಕಿಂತ ಮೇಲೇರದಂತೆ, ಎರಡು ಪುಟ್ಟ ಕಣ್ಣುಗಳಿರಬೇಕು. ಒಂದು ಕಣ್ಣು ಅವಕೆಂಪು ಕಿರಣವನ್ನು ಕಳಿಸುತ್ತದೆ, ಇನ್ನೊಂದು ಸ್ವೀಕರಿಸುತ್ತದೆ. ಬಾಗಿಲು ಇಳಿಯುವಾಗ ಮಗುವೋ ನಾಯಿಯೋ ಆ ಕಿರಣಕ್ಕೆ ಅಡ್ಡ ಬಂದರೆ ಬಾಗಿಲು ನಿಂತು ಹಿಂದಕ್ಕೆ ಏರುತ್ತದೆ. ಇದು ಕಂಪನಿಗಳು ಔದಾರ್ಯದಿಂದ ಕೊಟ್ಟ ಸೌಲಭ್ಯವಲ್ಲ. ಇಳಿಯುವ ಬಾಗಿಲಿನಡಿ ಸಿಕ್ಕಿ ಮಕ್ಕಳು ಸಾಯುತ್ತಿದ್ದುದರಿಂದ ಅಮೆರಿಕದ ಸಂಸತ್ತು 1990ರಲ್ಲಿ ಕಾನೂನು ಮಾಡಿತು, 1993ರ ಜನವರಿ 1ರಿಂದ ಮನೆಗಳಿಗಾಗಿ ತಯಾರಾಗುವ ಪ್ರತಿಯೊಂದು ಯಂತ್ರಕ್ಕೂ ಇಂಥ ರಕ್ಷಣೆ ಕಡ್ಡಾಯವಾಯಿತು. ಮಗಳ ಮನೆಯಲ್ಲಿ ನಾನು ಹುಡುಕಿದಾಗ ಆ ಕಣ್ಣುಗಳು ಇದ್ದ ಜಾಗದಲ್ಲಿ ಎರಡು ತೂತುಗಳು ಮಾತ್ರ ಇದ್ದವು. ತಂತಿಯನ್ನು ಹಿಂಬಾಲಿಸಿ ಹೋದರೆ, ಎರಡೂ ಕಣ್ಣುಗಳು ಮೇಲಿನ ಕಪಾಟಿನಲ್ಲಿ ಗೇಣುದ್ದದ ಅಂತರದಲ್ಲಿ ಪರಸ್ಪರ ದಿಟ್ಟಿಸಿಕೊಂಡು, ಟೇಪು ಸುತ್ತಿಸಿಕೊಂಡು ಕುಳಿತಿದ್ದವು!

ಸಂಜೆ ಅಳಿಯನನ್ನು ಕೇಳಿದೆ. ಬೇಸಗೆಯ ಸಂಜೆ ಏಳರಿಂದ ಎಂಟರ ನಡುವೆ ಬಾಗಿಲು ಮುಚ್ಚುತ್ತಲೇ ಇರಲಿಲ್ಲವಂತೆ. ಅರ್ಧಕ್ಕೆ ಬಂದು ವಾಪಸು ಹೋಗುತ್ತಿತ್ತಂತೆ. ಬೇಸತ್ತು, ಅಂತರ್ಜಾಲದಲ್ಲಿ ಯಾರೋ ಹೇಳಿಕೊಟ್ಟ ಉಪಾಯ ಮಾಡಿದನಂತೆ. "ಮಾವ, ಬಾಗಿಲು ಏನಕ್ಕಾದರೂ ತಗುಲಿದರೆ ಅದೇ ಹಿಂದಕ್ಕೆ ಹೋಗುತ್ತದೆ, ಆ ವ್ಯವಸ್ಥೆ ಬೇರೆ ಇದೆ" ಎಂದ. ಅವನು ಹೇಳಿದ್ದು ನಿಜ, ಅಂಥ ಎರಡನೆಯ ರಕ್ಷಣೆಯೂ ಇರಬೇಕು. ಮನೆಗೆ ಅತಿಥಿಯಾಗಿ ಬಂದ ಮಾವ ಹೆಚ್ಚು ಮಾತಾಡಬಾರದೆಂದು ನಾನು ಸುಮ್ಮನಾದೆ. ಹೆಣ್ಣು ಕೊಟ್ಟವರ ಕಷ್ಟ ನಿಮಗೆ ಗೊತ್ತೇ ಇದೆ.

ಆದರೆ ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಬಾಗಿಲು ಇಳಿಯತೊಡಗಿದ ಕೂಡಲೇ ಕೂಗುತ್ತಾ ಅದರಡಿಯಲ್ಲಿ ಓಡಿ ಹೊರಗೆ ಹೋಗುವುದು ಅವನು ಕಂಡುಹಿಡಿದ ಆಟ. ಎರಡು ದಿನ ನೋಡಿದೆ. ಮೂರನೆಯ ದಿನ, ಶನಿವಾರ ಬೆಳಿಗ್ಗೆ, ಅಳಿಯನನ್ನು ಕರೆದು ಒಂದೂವರೆ ಅಂಗುಲ ದಪ್ಪದ ಮರದ ತುಂಡೊಂದನ್ನು ಬಾಗಿಲಿನ ಹಾದಿಯಲ್ಲಿ, ನಟ್ಟನಡುವೆ, ಅಂಗಾತ ಮಲಗಿಸಿ ಗುಂಡಿ ಒತ್ತಲು ಹೇಳಿದೆ. ಅಲ್ಲಿನ ಅಂಗಡಿಗಳಲ್ಲಿ ಟೂ-ಬೈ-ಫೋರ್ ಎಂದು ಮಾರುವ ತುಂಡೇ ಇದು. ಈ ಪರೀಕ್ಷೆಗೆ ನಿಗದಿಯಾದ ದಪ್ಪವೂ ಅಷ್ಟೇ. ಮರಕ್ಕೆ ತಗುಲಿದ ಎರಡು ಸೆಕೆಂಡಿನೊಳಗೆ ಬಾಗಿಲು ಹಿಂದಕ್ಕೆ ಏರತೊಡಗಬೇಕು. ಬಾಗಿಲು ಇಳಿದು ಮರದ ಮೇಲೆ ಕುಳಿತಿತು. ಏರಲಿಲ್ಲ. ಮೋಟಾರು ಗುಂಯ್‌ಗುಡುತ್ತಾ ಇನ್ನೂ ಒತ್ತಿತು, ಬಾಗಿಲಿನ ನಡುಭಾಗ ಸ್ವಲ್ಪ ಬಾಗಿತು, ಆಮೇಲೆ ಮೋಟಾರು ಹಾಗೆಯೇ ನಿಂತುಬಿಟ್ಟಿತು. ಹಿಂದೆ ಎಂದೋ ಚಳಿಗಾಲದಲ್ಲಿ ಬಾಗಿಲು ಬಿಗಿಯಾಗಿದೆಯೆಂದು ಯಾರೋ ಒತ್ತುವ ಬಲದ ತಿರುಪನ್ನು ಕೊನೆಯವರೆಗೂ ಹೆಚ್ಚಿಸಿಟ್ಟಿದ್ದರು. ನಾವಿಬ್ಬರೂ ಆ ಮರದ ತುಂಡನ್ನು ನೋಡುತ್ತಾ ನಿಂತೆವು. ಅಳಿಯ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಏಣಿ ತಂದ.

ಅವನನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ, ಏಕೆಂದರೆ ನಾನೂ ಇದನ್ನೇ ಮಾಡಿದವನು. 1979ರಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಪದೇ ಪದೇ ಫ್ಯೂಸು ಹೋಗುತ್ತಿತ್ತು. ಕತ್ತಲೆಯಲ್ಲಿ ಮತ್ತೆ ಮತ್ತೆ ತಂತಿ ಕಟ್ಟುವ ಗೋಳು ತಾಳಲಾರದೆ ಒಂದು ರಾತ್ರಿ ದಪ್ಪನೆಯ ತಾಮ್ರದ ತಂತಿಯನ್ನೇ ಕಟ್ಟಿಬಿಟ್ಟೆ. ಮಾರನೆಯ ದಿನ ಶಾಲೆಯಲ್ಲಿ ಎಂಟನೆಯ ತರಗತಿಗೆ, "ಫ್ಯೂಸು ತಾನು ಕರಗಿ ಮನೆಯನ್ನು ಉಳಿಸುತ್ತದೆ" ಎಂದು ಪಾಠ ಮಾಡಿದೆ. ಹದಿನೈದು ದಿನಗಳ ನಂತರ ಅಡುಗೆಮನೆಯ ಗೋಡೆಯೊಳಗಿನ ತಂತಿ ಸುಟ್ಟು, ಹೊಗೆ ಬಂದು, ಪುಣ್ಯಕ್ಕೆ ನನ್ನ ತಾಯಿ ಎಚ್ಚರವಾಗಿದ್ದುದರಿಂದ ಮೇನ್ ಸ್ವಿಚ್ ಆರಿಸಿದೆವು. ಕಾಟ ಕೊಡುತ್ತಿದ್ದುದು ಫ್ಯೂಸಲ್ಲ, ಹಳೆಯ ವೈರಿಂಗು. ನಾನು ಬಾಯಿ ಮುಚ್ಚಿಸಿದ್ದು ಫ್ಯೂಸಿನದನ್ನು.

ಆ ಕಣ್ಣುಗಳ ಕಥೆಯೂ ಹೀಗೆಯೇ. ಸಂಜೆಯ ಸೂರ್ಯ ವಾಯವ್ಯದ ಕಡೆ ಇಳಿದಾಗ, ಆ ಕಡೆಗೆ ನೋಡುತ್ತಿದ್ದ ಸ್ವೀಕರಿಸುವ ಕಣ್ಣಿನೊಳಗೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಬಿಸಿಲಿನಲ್ಲಿಯೂ ಅವಕೆಂಪು ಕಿರಣ ಹೇರಳವಾಗಿದೆ. ಪಾಪ, ಕಣ್ಣು ಕೋರೈಸಿದಂತಾಗಿ ಕಿರಣ ಕಾಣುತ್ತಿಲ್ಲವೆಂದು ಅದು ವರದಿ ಮಾಡುತ್ತಿತ್ತು. ಪರಿಹಾರ ಸರಳ. ಎರಡು ಕಣ್ಣುಗಳನ್ನೂ ಅದಲುಬದಲು ಮಾಡಿ, ಸ್ವೀಕರಿಸುವ ಕಣ್ಣು ಸೂರ್ಯನಿಗೆ ಬೆನ್ನು ಹಾಕುವಂತೆ ಕೂರಿಸಿದೆವು. ಅದರ ಮೇಲೆ ಅಡುಗೆಮನೆಯ ಕಾಗದದ ಸುರುಳಿಯ ಕೊಳವೆಯನ್ನು ಎರಡು ಅಂಗುಲ ಕತ್ತರಿಸಿ, ಒಳಗೆ ಕಪ್ಪು ಬಳಿದು ಟೋಪಿಯಂತೆ ತೊಡಿಸಿದೆವು. ಒಂದು ಡಾಲರೂ ಖರ್ಚಾಗಲಿಲ್ಲ. ಇಂಥ ಕಾಟ ಇಲ್ಲದ ಮನೆಗಳಲ್ಲಿಯೂ ಬಾಗಿಲು ಮುಚ್ಚದೆ ಹಟ ಮಾಡಿದರೆ ಮೊದಲು ಆ ಗಾಜನ್ನು ಒರೆಸಿ, ಜೇಡರ ಬಲೆ ತೆಗೆಯಿರಿ. ಎರಡೂ ಕಣ್ಣುಗಳ ಪಕ್ಕದ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದೆಯೇ ನೋಡಿ. ಮಿನುಗಿದರೆ ಕಸದ ಡಬ್ಬಿಯೋ ಸೈಕಲ್ಲೋ ತಗುಲಿ ಕಣ್ಣು ಓರೆಯಾಗಿದೆಯೆಂದು ಅರ್ಥ. ಆ ರಾತ್ರಿಯೇ ಮುಚ್ಚಬೇಕಾಗಿದ್ದರೆ, ಬಾಗಿಲನ್ನು ನೋಡುತ್ತಾ ನಿಂತು ಗೋಡೆಯ ಗುಂಡಿಯನ್ನು ಪೂರ್ತಿ ಮುಚ್ಚುವವರೆಗೂ ಒತ್ತಿ ಹಿಡಿದರೆ ಅದು ಮುಚ್ಚುತ್ತದೆ. ಟೇಪು ಸುತ್ತುವ ಅಗತ್ಯವೇ ಇಲ್ಲ.

ಒತ್ತುವ ಬಲವನ್ನು ಯಂತ್ರದ ಕೈಪಿಡಿ ನೋಡಿಕೊಂಡು ತಗ್ಗಿಸಿ ಮತ್ತೆ ಮರದ ತುಂಡಿನ ಪರೀಕ್ಷೆ ಮಾಡಿದೆವು. ಮೂರನೆಯ ಸಲಕ್ಕೆ ಬಾಗಿಲು ತಗುಲಿದ ಕೂಡಲೇ ಬೆಚ್ಚಿದಂತೆ ಮೇಲೇರಿತು. ಮೊಮ್ಮಗನ ಆಟವನ್ನು ನಿಲ್ಲಿಸಲು ಮಾತ್ರ ಇಡೀ ತಿಂಗಳು ಹಿಡಿಯಿತು. ಯಂತ್ರ ಸರಿಯಾಯಿತೆಂದು ಆಟಕ್ಕೆ ಅನುಮತಿ ಕೊಡುವಂತಿಲ್ಲವಲ್ಲ!

ಉಳಿದ ಆರೈಕೆ ಇನ್ನೂ ಸುಲಭ. ಬಾಗಿಲು ಪೂರ್ತಿ ಮುಚ್ಚಿರುವಾಗ ಮೋಟಾರಿನ ಹಳಿಯಿಂದ ನೇತಾಡುವ ಕೆಂಪು ಹಗ್ಗವನ್ನು ಎಳೆದರೆ ಬಾಗಿಲು ಮೋಟಾರಿನಿಂದ ಬೇರ್ಪಡುತ್ತದೆ. ಆಗ ಕೈಯಿಂದ ಎತ್ತಿ ಸೊಂಟದ ಮಟ್ಟಕ್ಕೆ ತಂದು ಮೆಲ್ಲಗೆ ಬಿಡಿ. ಸ್ಪ್ರಿಂಗು ಸರಿಯಾಗಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಕುಸಿದರೆ ಸ್ಪ್ರಿಂಗು ಸೋತಿದೆ, ಮೋಟಾರು ಅದರ ಭಾರ ಹೊತ್ತು ಸವೆಯುತ್ತಿದೆ ಎಂದು ತಿಳಿದು ಕೆಲಸಗಾರನನ್ನು ಕರೆಸಿ. ಬಾಗಿಲು ತೆರೆದಿರುವಾಗ ಮಾತ್ರ ಆ ಹಗ್ಗ ಎಳೆಯಬೇಡಿ, ಸ್ಪ್ರಿಂಗು ತುಂಡಾಗಿದ್ದರೆ ಇಡೀ ಬಾಗಿಲು ಧಡಾರನೆ ಬೀಳುತ್ತದೆ. ಸಾಮಾನ್ಯ ಸ್ಪ್ರಿಂಗಿನ ಆಯುಸ್ಸನ್ನು ಸುಮಾರು 10,000 ಬಾರಿ ತೆರೆದು ಮುಚ್ಚುವುದಕ್ಕೆಂದು ಲೆಕ್ಕ ಹಾಕಿರುತ್ತಾರೆ. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷವೂ ತುಂಬುವುದಿಲ್ಲ. ವರ್ಷಕ್ಕೆರಡು ಬಾರಿ ಕೀಲುಗಳಿಗೂ ಗಾಲಿಗಳ ಬೇರಿಂಗಿಗೂ ಸ್ಪ್ರಿಂಗಿನ ಮೈಗೂ ಸಿಲಿಕೋನ್ ಅಥವಾ ಲಿಥಿಯಂ ಗ್ರೀಸಿನ ತುಂತುರು ಹೊಡೆಯಿರಿ. ತುಕ್ಕು ಬಿಡಿಸುವ ಡಬ್ಲ್ಯು.ಡಿ-40 ಡಬ್ಬಿಯನ್ನು ಇದಕ್ಕೆ ಬಳಸಬೇಡಿ, ಅದು ಬಹಳ ಕಾಲ ನಿಲ್ಲುವ ಜಿಡ್ಡಲ್ಲ. ಹಳಿಯ ಒಳಗೆ ಗ್ರೀಸು ಹಚ್ಚುವುದೂ ತಪ್ಪು. ಧೂಳು ಮೆತ್ತಿಕೊಳ್ಳುತ್ತದೆ, ಒರೆಸಿದರೆ ಸಾಕು.

ಆ ಕೆಂಪು ಹಗ್ಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2017ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ರಾತ್ರೋರಾತ್ರಿ ಕಾಳ್ಗಿಚ್ಚು ಹಬ್ಬಿದಾಗ ಮೊದಲು ಹೋದದ್ದು ವಿದ್ಯುತ್ತು. ಕಾರು ಗರಾಜಿನೊಳಗೆ, ಬಾಗಿಲು ಏಳುತ್ತಿಲ್ಲ. ಕೈಯಿಂದ ತೆರೆಯಲಾಗದೆ ಕೆಲವರು, ಅವರಲ್ಲಿ ವೃದ್ಧರು, ಪ್ರಾಣ ಕಳೆದುಕೊಂಡರು. ಅದರ ಮರುವರ್ಷ ಆ ರಾಜ್ಯ ಕಾನೂನು ಮಾಡಿತು, 2019ರ ಜುಲೈ 1ರಿಂದ ಅಲ್ಲಿ ಮನೆಗಳಿಗೆ ಮಾರುವ, ಜೋಡಿಸುವ ಹೊಸ ಯಂತ್ರಗಳಲ್ಲಿ ವಿದ್ಯುತ್ತು ಹೋದಾಗ ಕೆಲಸ ಮಾಡುವ ಬ್ಯಾಟರಿ ಇರಲೇಬೇಕು. ಆದರೆ ಬ್ಯಾಟರಿಯೂ ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಸಾಯುವ ಮುನ್ನ ಪೀಂಪೀಂ ಎಂದು ಕೂಗುತ್ತದೆ, ಆ ಕೂಗನ್ನು ನಾವು ನಿಲ್ಲಿಸುವುದು ಹೇಗೆಂಬುದನ್ನು ನಾನು ಮೇಲೆಯೇ ಬರೆದಿದ್ದೇನೆ. ಊರಿನಿಂದ ಬಂದ ತಂದೆತಾಯಿಗಳನ್ನು ಹಗಲೆಲ್ಲ ಮನೆಯಲ್ಲಿ ಬಿಟ್ಟುಹೋಗುವ ಮಕ್ಕಳಲ್ಲಿ ನನ್ನ ವಿನಂತಿ: ಮೈಕ್ರೋವೇವನ್ನೂ ಟೀವಿ ರಿಮೋಟನ್ನೂ ಕಲಿಸುವ ಮೊದಲ ವಾರದಲ್ಲಿಯೇ ಆ ಹಗ್ಗವನ್ನು ಎಳೆದು ಬಾಗಿಲೆತ್ತುವುದನ್ನೂ ಅವರ ಕೈಯಿಂದಲೇ ಮಾಡಿಸಿ. ನನ್ನ ಹೆಂಡತಿಗೆ ಆಗ ಅರುವತ್ತೆಂಟು ವರ್ಷ, ಮಂಡಿನೋವು. ಸ್ಪ್ರಿಂಗು ಸರಿಯಾಗಿದ್ದ ಬಾಗಿಲನ್ನು ಆಕೆ ಎರಡೂ ಕೈಯಿಂದ ಎತ್ತಿದಳು. ಎತ್ತಿದ ಮೇಲೆ, "ಇಷ್ಟೇನಾ?" ಎಂದಳು. ಆಕೆಗೆ ಎತ್ತಲಾಗದ ಬಾಗಿಲು ರಿಪೇರಿಗೆ ಬಂದಿದೆಯೆಂದೇ ನನ್ನ ತೀರ್ಮಾನ.

ಕೆಲಸಗಾರರನ್ನು ಕರೆಸುವಾಗಲೂ ಸ್ವಲ್ಪ ಎಚ್ಚರ ಬೇಕು. ಮಗಳ ನೆರೆಮನೆಯಲ್ಲಿ ಒಂದು ಸ್ಪ್ರಿಂಗು ಮುರಿದಾಗ ಬಂದವನು ಬಾಗಿಲು, ಮೋಟಾರು, ಹಳಿ ಎಲ್ಲವನ್ನೂ ಬದಲಾಯಿಸಬೇಕೆಂದು ಪಟ್ಟಿ ಬರೆದುಕೊಟ್ಟನಂತೆ. ಎರಡನೆಯವನು ಎರಡು ಸ್ಪ್ರಿಂಗುಗಳನ್ನು ಮಾತ್ರ ಹಾಕಿ ಒಂದು ಗಂಟೆಯೊಳಗೆ ಹೊರಟುಹೋದ. ಜೋಡಿ ಸ್ಪ್ರಿಂಗುಗಳಲ್ಲಿ ಒಂದು ಮುರಿದರೆ ಎರಡನ್ನೂ ಬದಲಾಯಿಸುವುದು ನ್ಯಾಯವೇ, ಎರಡರ ವಯಸ್ಸೂ ಒಂದೇ ತಾನೆ.

ಬೆಂಗಳೂರು, ಮೈಸೂರುಗಳಲ್ಲಿರುವವರು ಇದು ನಮ್ಮ ವಿಷಯವಲ್ಲವೆಂದು ಪುಟ ಮುಚ್ಚಬೇಡಿ. ನಮ್ಮ ಅಂಗಡಿಗಳ, ಈಗೀಗ ಮನೆಗಳ, ಕೈಯಿಂದೆತ್ತುವ ರೋಲಿಂಗ್ ಷಟರಿನ ಮೇಲಿನ ಉರುಳೆಯೊಳಗೆ ಇರುವುದೂ ಹೀಗೆಯೇ ಬಿಗಿದ ಸ್ಪ್ರಿಂಗೇ. ಅದಕ್ಕಿಂತ ನನಗೆ ಹೆಚ್ಚು ಭಯವಾಗುವುದು ಹೊಸ ಬಡಾವಣೆಗಳಲ್ಲಿ ಕಾಣುವ ಜಾರುವ ಕಬ್ಬಿಣದ ಗೇಟುಗಳದ್ದು. ಗೇಟು ಹಳಿಯ ಕೊನೆ ದಾಟದಂತೆ ತಡೆಯುವ ಕಬ್ಬಿಣದ ತುಂಡು ಸಡಿಲವಾದರೆ, ಮೇಲ್ಗಡೆಯ ಆನಿಕೆಯ ಗಾಲಿ ಕಳಚಿದರೆ, ಕ್ವಿಂಟಾಲುಗಟ್ಟಲೆ ಭಾರದ ಗೇಟು ತೆರೆದವನ ಮೇಲೆಯೇ ಮಲಗುತ್ತದೆ. ಮಕ್ಕಳು ಅದರ ಮೇಲೆ ನಿಂತು ಜಾರುವ ಆಟ ಆಡುವುದನ್ನು ನಮ್ಮ ಬೀದಿಯಲ್ಲಿಯೇ ನೋಡುತ್ತೇನೆ. ಗೃಹಪ್ರವೇಶವಾದ ದಿನದಿಂದ ಆ ತುಂಡಿನ ಬೋಲ್ಟನ್ನು ಒಮ್ಮೆಯಾದರೂ ಅಲುಗಾಡಿಸಿ ನೋಡಿದವರು ಎಷ್ಟು ಮಂದಿ?

ಇನ್ನು ಡಲ್ಲಾಸಿನ ನನ್ನ ಶಿಷ್ಯನ ವಿಷಯ. ಶನಿವಾರ ಕಳೆದು ಭಾನುವಾರ ಅವನೇ ಫೋನು ಮಾಡಿದ. ಸ್ಪ್ರಿಂಗನ್ನು ಕೆಲಸಗಾರನಿಂದಲೇ ಹಾಕಿಸಿದನಂತೆ. ಅವನು ಸರಳುಗಳಿಂದ ಸುತ್ತು ಹಾಕುವುದನ್ನು ಹತ್ತು ಅಡಿ ದೂರ ನಿಂತು ಎಣಿಸಿದೆ, ಏಳೂವರೆಯೇ ಇತ್ತು ಸಾರ್ ಎಂದ. ಮರದ ತುಂಡಿನ ಪರೀಕ್ಷೆ ಮಾಡಿದೆಯಾ ಎಂದು ಕೇಳಿದೆ. ಒಂದು ಕ್ಷಣ ಮೌನ. ಹಿಂದೆ ಮನೆಗೆಲಸದ ಪುಸ್ತಕ ತಂದಿಲ್ಲದಿದ್ದಾಗ ಅವನು ಹೀಗೆಯೇ ನಿಲ್ಲುತ್ತಿದ್ದ. "ಇವತ್ತೇ ಮಾಡುತ್ತೇನೆ ಸಾರ್" ಎಂದ.